ಬೆಳಗಿನ ಐದು ಗಂಟೆಯ ಹಾಜರಿ

ಜೂನ್ ಹನ್ನೊಂದರ ದಿನಚರಿಯಲ್ಲಿ ನಾನು ಬರೆದುಕೊಂಡ ಮೊದಲ ಸಾಲು ಇದು: "ಹತ್ತನೇ ತರಗತಿ ಬಿ ವಿಭಾಗ, ಮೂರನೇ ಪಿರಿಯಡ್, ನಲವತ್ತು ನಿಮಿಷ, ಅಡ್ಡಿ ಮೂವತ್ತೊಂದು." ಕೆಳಗೆ ವಿವರ ಇದೆ. ಬೆಂಚು ಬಡಿದದ್ದು ಒಂಬತ್ತು ಸಲ, ಟಾಯ್ಲೆಟ್ಟಿಗೆಂದು ಎದ್ದದ್ದು ಎಂಟು, ಶಿಳ್ಳೆ ಆರು, ಸೀಮೆಸುಣ್ಣದ ಚೂರು ಹಾರಿದ್ದು ಐದು, ಹೊಡೆದಾಟ ಮೂರು. ಅಷ್ಟರ ನಡುವೆ ನಾನು ಕಲಿಸಿದ್ದು ಗಣಿತ ಪುಸ್ತಕದ ಮೊದಲ ಪಾಠದ ಅರ್ಧ ಪುಟ.

ಎಣಿಸುವುದು ನನ್ನ ಅಭ್ಯಾಸ. ಸಿಟ್ಟು ಬಂದಾಗ ಬೇರೆಯವರು ಕೂಗುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಪೀಣ್ಯ ಎರಡನೇ ಹಂತದ ಒಂದು ಸರ್ಕಾರಿ ಪ್ರೌಢಶಾಲೆಗೆ ಗಣಿತದ ಅತಿಥಿ ಶಿಕ್ಷಕಿಯಾಗಿ ಸೇರಿದಾಗ ನನಗೆ ಇಪ್ಪತ್ತೈದು ವರ್ಷ. ದಾವಣಗೆರೆಯಲ್ಲಿ ಬಿ.ಇಡಿ. ಮುಗಿಸಿ ಬಂದು ದಾಸರಹಳ್ಳಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಅಕ್ಕ ಭಾವನ ಜೊತೆ ಇದ್ದೆ. ಶಾಲೆಯ ಕಾಂಪೌಂಡಿಗೆ ಒಂದು ಕಡೆ ಪೌಡರ್ ಕೋಟಿಂಗ್ ಶೆಡ್ಡು, ಇನ್ನೊಂದು ಕಡೆ ಲೇತ್ ಮಷೀನುಗಳ ಕಾರ್ಖಾನೆ. ಲೇತಿನ ಕಿರುಚಾಟ ನಿಂತಾಗ ಮಕ್ಕಳ ಕಿರುಚಾಟ ಕೇಳಿಸುತ್ತಿತ್ತು. ಎರಡರಲ್ಲಿ ಲೇತಿಗೆ ಮಾತ್ರ ಊಟದ ಬಿಡುವಿತ್ತು.

ಬಿ.ಇಡಿ. ತರಗತಿಯಲ್ಲಿ ನಮ್ಮ ಉಪನ್ಯಾಸಕರು ಮಕ್ಕಳನ್ನು ಹಸಿ ಜೇಡಿಮಣ್ಣು ಎನ್ನುತ್ತಿದ್ದರು. ಅವರು ಹತ್ತನೇ ಬಿ ಯನ್ನು ನೋಡಿರಲಿಲ್ಲ. ಜೇಡಿಮಣ್ಣು ಬೆಂಚಿನ ಕೆಳಗೆ ಮೊಬೈಲ್ ಹಿಡಿದು ರೀಲ್ಸ್ ನೋಡುವುದಿಲ್ಲ. ಹಿಂದಿನಿಂದ ಚೂಡಿದಾರದ ದುಪಟ್ಟಾಕ್ಕೆ ಪೆನ್ನಿನ ಇಂಕು ಹಾರಿಸುವುದಿಲ್ಲ. ಜೂನ್ ತಿಂಗಳಲ್ಲಿ ನನ್ನ ಮೂರು ದುಪಟ್ಟಾ ಹಾಳಾದವು. ನಾಲ್ಕನೆಯದನ್ನು ಪಿನ್ನು ಹಾಕಿ ಮಡಿಸಿ ಹೊದೆಯುವುದನ್ನು ಕಲಿತೆ. ಆ ತಿಂಗಳು ಶಾಲೆಯಲ್ಲಿ ಯಾರಾದರೂ ಏನಾದರೂ ಕಲಿತದ್ದಿದ್ದರೆ ಅದು ಅದೊಂದೇ.

ನಾನು ಅಡ್ಡಿಗಳನ್ನು ಗೀಟು ಹಾಕಿ ಎಣಿಸುತ್ತಿರುವುದು ಮೂರನೇ ದಿನಕ್ಕೇ ಅವರ ಕಣ್ಣಿಗೆ ಬಿತ್ತು.

"ಮಗಾ, ಮಿಸ್ ಏನೋ ಗೀಟು ಹಾಕ್ತಾವ್ರೆ ನೋಡೋ."

"ಮಿಸ್, ನಂದು ಎಷ್ಟಾಯ್ತು?"

"ಏಳು" ಎಂದೆ. ಹೇಳಬಾರದಿತ್ತು.

"ಲೋ, ಏಳು ಕಣೋ! ನಂದೇ ಫಸ್ಟು!"

"ಮಿಸ್, ನಂದ್ ಹೇಳಿ ಮಿಸ್. ಪ್ಲೀಸ್ ಮಿಸ್."

"ನಾಲ್ಕು."

"ಥೂ, ಬರೀ ನಾಲ್ಕಾ? ಇರಿ ಮಿಸ್" ಎಂದು ಅವನು ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದ. "ಈಗ ಐದು ಮಾಡ್ಕೊಳ್ಳಿ."

ಆ ದಿನದ ಮೊತ್ತ ನಲವತ್ತೆಂಟು. ಮರುದಿನದಿಂದ ನೋಟ್‌ಬುಕ್ಕನ್ನು ಸ್ಟಾಫ್ ರೂಮಿಗೆ ಬಂದ ಮೇಲೆ ತೆರೆದೆ.

ಕಿಟಕಿಯ ಪಕ್ಕದ ಕೊನೆ ಬೆಂಚಿನಲ್ಲಿ ಒಬ್ಬ ಹುಡುಗಿ ಕೂರುತ್ತಿದ್ದಳು. ಈ ಬರಹ ಮುಖ್ಯವಾಗಿ ಅವಳದ್ದು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು, ಯಾವಾಗಲೂ ಏನನ್ನೋ ಅಗಿಯುವ ಬಾಯಿ. ಬೆಂಚು ಬಡಿಯುವುದು, ಚೂರು ಎಸೆಯುವುದೆಲ್ಲ ಅವಳಿಗೆ ತೀರ ಸಣ್ಣ ಕೆಲಸ. ಅವಳ ಕೈಯಲ್ಲಿದ್ದದ್ದು ದನಿ. ಎಚ್.ಎಂ. ಕೆಮ್ಮುವುದನ್ನು, ಕನ್ನಡ ಮೇಡಂ ಆಕಳಿಸುತ್ತಾ ಮಾತಾಡುವುದನ್ನು, ನಾನು "ಸೈಲೆನ್ಸ್" ಎನ್ನುವಾಗ ಗಂಟಲು ಸೀಳುವುದನ್ನು ಇದ್ದ ಹಾಗೇ ಮಾಡುತ್ತಿದ್ದಳು. ಮೊದಲ ವಾರ ಎದ್ದು ನಿಂತು ಕೇಳಿದ್ದಳು:

"ಮಿಸ್, ನೀವು ಪರ್ಮನೆಂಟಾ, ಗೆಸ್ಟಾ?"

"ಗೆಸ್ಟ್."

"ಹಂಗಾದ್ರೆ ಕೂತ್ಕೊಳ್ಳಿ ಮಿಸ್. ನೀರು ಕುಡೀತೀರಾ?"

ತರಗತಿ ಐದು ನಿಮಿಷ ನಕ್ಕಿತು. ನಾನು ಗಡಿಯಾರ ನೋಡಿಕೊಂಡು ಬರೆದುಕೊಂಡ ಲೆಕ್ಕ ಅದು.

ಜುಲೈ ನಾಲ್ಕರಂದು ಅವಳನ್ನು ಹಿಡಿದೆ. ಹಿಂದಿನ ದಿನ ಹಾಜರಿ ಕೂಗಿದಾಗ "ಪ್ರೆಸೆಂಟ್ ಮಿಸ್" ನಲವತ್ತೊಂದು ಸಲ ಬಂದಿತ್ತು. ತಲೆ ಎಣಿಸಿದರೆ ಮೂವತ್ತೇಳು. ಮರುದಿನ ಹೆಸರು ಕೂಗುತ್ತಾ ತಲೆಯೆತ್ತಿ ನೋಡುತ್ತಾ ಹೋದೆ. ಬಾರದ ನಾಲ್ವರು ಹುಡುಗಿಯರ ಹಾಜರಿಯನ್ನು ನಾಲ್ಕು ಬೇರೆ ಬೇರೆ ದನಿಯಲ್ಲಿ ಇವಳೊಬ್ಬಳೇ ಹೇಳುತ್ತಿದ್ದಳು. ಒಬ್ಬಳಿಗೆ ಶೀತವಾಗಿದೆಯೆಂದು ಮೂಗಿನಲ್ಲಿ ಬೇರೆ. ಇಡೀ ತರಗತಿಯ ಮುಂದೆ ಅವಳನ್ನು ಎಬ್ಬಿಸಿ ನಿಲ್ಲಿಸಿ, "ಹಾಜರಿಯಲ್ಲಿ ನನಗೆ ಯಾರೂ ಮೋಸ ಮಾಡೋಕಾಗಲ್ಲ" ಎಂದೆ. ಆ ವಾಕ್ಯವನ್ನು ದಿನಚರಿಯಲ್ಲೂ ಬರೆದು ಅಡಿಗೆರೆ ಎಳೆದಿದ್ದೇನೆ. ಈಗ ಆ ಪುಟ ತೆರೆಯಲು ನಾಚಿಕೆಯಾಗುತ್ತದೆ.

ಡಿಸೆಂಬರ್ ಬಂತು. ಅವರೆಕಾಯಿಯ ಕಾಲ. ಸ್ಟಾಫ್ ರೂಮಿನಲ್ಲಿ ಕನ್ನಡ ಮೇಡಂ ಎಂಟನೇ ತರಗತಿಯ ಇಬ್ಬರು ಹುಡುಗಿಯರನ್ನು ಕೂರಿಸಿಕೊಂಡು ಅವರೆಕಾಳು ಹಿಸುಕಿಸುತ್ತಿದ್ದಾಗ ಎಚ್.ಎಂ. ಮೀಟಿಂಗ್ ಕರೆದರು. ಹತ್ತನೇ ತರಗತಿಯ ಹಿಂದುಳಿದ ಮಕ್ಕಳನ್ನು ಶಿಕ್ಷಕರಿಗೆ ದತ್ತು ಕೊಡುವ ಪದ್ಧತಿ ನಮ್ಮಲ್ಲಿತ್ತು. ದತ್ತು ಎಂದರೆ ಇಷ್ಟೇ: ಆ ಮಕ್ಕಳು ಎಸ್‌ಎಸ್‌ಎಲ್‌ಸಿಯಲ್ಲಿ ಫೇಲಾದರೆ ಬೈಗುಳ ಯಾರಿಗೆ ಎಂಬುದನ್ನು ಮುಂಚೆಯೇ ಗೊತ್ತುಮಾಡುವುದು. ದತ್ತು ತೆಗೆದುಕೊಂಡವರು ದಿನಾ ಬೆಳಗ್ಗೆ ಐದು ಗಂಟೆಗೆ ಆ ಮಕ್ಕಳ ಮನೆಗೆ ಫೋನ್ ಮಾಡಿ ಎಬ್ಬಿಸಬೇಕು. ಎದ್ದರೇ, ಯಾವ ಪಾಠ ಓದುತ್ತಿದ್ದಾರೆ ಎಂದು ರಿಜಿಸ್ಟರಿನಲ್ಲಿ ಬರೆದು, ಆರು ಗಂಟೆಯೊಳಗೆ ಪುಟದ ಫೋಟೊ ತೆಗೆದು ಶಾಲೆಯ ವಾಟ್ಸ್ಆಪ್ ಗುಂಪಿಗೆ ಹಾಕಬೇಕು. ಜೊತೆಗೆ 'ಪಾಸಿಂಗ್ ಪ್ಯಾಕೇಜ್', ಅಂದರೆ ಇಷ್ಟು ಕಲಿತರೆ ಪಾಸಾಗಬಹುದೆಂಬ ಹತ್ತು ಅಂಶಗಳ ಪಟ್ಟಿ, ಪ್ರತಿ ಮನೆಯ ಗೋಡೆಗೆ ಅಂಟಿಸಿರಬೇಕು.

ನನ್ನ ಪಾಲಿಗೆ ಆರು ಜನ ಬಂದರು. ನಾಲ್ವರು ಹುಡುಗರು, ಇಬ್ಬರು ಹುಡುಗಿಯರು. ಆರನೆಯವಳು ಆ ಕೊನೆ ಬೆಂಚಿನವಳು.

ಎಚ್.ಎಂ. ನನ್ನನ್ನು ಒಬ್ಬಳನ್ನೇ ನಿಲ್ಲಿಸಿಕೊಂಡರು. "ನೋಡಿ ಮೇಡಂ, ಗೆಸ್ಟ್ ಆಗಿ ಬರೋಕೆ ಜನ ಕ್ಯೂ ನಿಂತಿದಾರೆ. ನಿಮ್ಮ ಆರರಲ್ಲಿ ಐದಾದ್ರೂ ಪಾಸಾಗ್ಬೇಕು. ಐದಾದ್ರೆ ಬರೋ ಜೂನಿಗೂ ನೀವೇ. ನಾಲ್ಕಾದ್ರೆ ನನ್ನ ಕೈಲಿ ಏನೂ ಇಲ್ಲ."

ಅವರ ಕೈಯಲ್ಲಿ ಆಗ ಒಂದು ಬಟ್ಟಲು ಹಿಸುಕಿದ ಅವರೆ ಇತ್ತು.

ಆ ಕೆಲಸ ನನಗೆ ಬೇಕಿತ್ತು. ಶಾಲೆಯ ಮೇಲೆ ಪ್ರೀತಿಯಿಂದಲ್ಲ. ಖಾಯಂ ನೇಮಕಾತಿಯ ಅರ್ಜಿ ಕರೆಯುವವರೆಗೆ ಅಕ್ಕನ ಮನೆಯ ಸೋಫಾದ ಮೇಲೆ ಕೆಲಸವಿಲ್ಲದೆ ಕೂರುವ ಧೈರ್ಯ ನನಗಿರಲಿಲ್ಲ. ಭಾವ ಎದುರಿಗೆ ಏನೂ ಅನ್ನುವವರಲ್ಲ, ಆದರೆ ಸೋಫಾದ ಮೇಲಿಂದ ಪೇಪರು ತೆಗೆದುಕೊಳ್ಳುವಾಗ ಅದರ ಕೆಳಗೆ ನಾನೂ ಇದ್ದೇನೆಂಬಂತೆ ಎತ್ತುತ್ತಿದ್ದರು.

ಡಿಸೆಂಬರ್ ಹದಿನಾರರಿಂದ ಕರೆ ಶುರುವಾಯಿತು. ಭಾನುವಾರವೂ ಬಿಡುವಿಲ್ಲ. ನಾಲ್ಕು ಐವತ್ತಕ್ಕೆ ಎದ್ದು, ಬಾಲ್ಕನಿಯಲ್ಲಿ ಶಾಲು ಹೊದ್ದು ಕೂತು, ಒಂದರ ಹಿಂದೆ ಒಂದು ನಂಬರ್ ಒತ್ತುತ್ತಿದ್ದೆ. ಒಬ್ಬನ ಫೋನ್ ಯಾವಾಗಲೂ ಸ್ವಿಚ್ ಆಫ್. ಇನ್ನೊಬ್ಬನದ್ದನ್ನು ಅವನ ಅಪ್ಪ ಎತ್ತಿ, "ಯಾವನಲೇ ಅದು?" ಎಂದು, ನನ್ನ ದನಿ ಕೇಳಿದ ಮೇಲೆ "ಯಾವಳಮ್ಮ?" ಎಂದು ತಿದ್ದಿಕೊಂಡರು. ಮೂರನೆಯವನು ಪ್ರತಿದಿನ ಕಟ್ ಮಾಡುತ್ತಿದ್ದ. ಶಾಲೆಯಲ್ಲಿ ಕೇಳಿದರೆ "ಓದೋವಾಗ ಡಿಸ್ಟರ್ಬ್ ಆಗುತ್ತೆ ಮಿಸ್" ಎಂದ. ಅವನ ಹಿಂದೆ ಕೂತವನು "ಮಚ್ಚಾ, ನೀನು ಓದೋದಾ!" ಎಂದು ಬೆಂಚಿನಿಂದ ಜಾರಿ ಬಿದ್ದ. ನಿಜವಾಗಿ ಬಿದ್ದ, ಮೊಣಕೈ ಸುಲಿಯಿತು. ಪ್ರಥಮ ಚಿಕಿತ್ಸೆಗೆ ಹದಿನೈದು ನಿಮಿಷ ಹೋಯಿತು.

ಆದರೆ ಆರನೆಯ ಮನೆಯಲ್ಲಿ ಎರಡನೇ ರಿಂಗಿಗೇ ಫೋನ್ ಎತ್ತುತ್ತಿದ್ದರು.

"ಎದ್ದಿದೀಯಾ?"

"ಓದ್ತಾ ಇದೀನಿ ಮಿಸ್."

"ಯಾವ ಪಾಠ?"

"ಸಮಾಂತರ ಶ್ರೇಢಿ ಮಿಸ್."

ಹಿನ್ನೆಲೆಯಲ್ಲಿ ನೀರು ಬೀಳುವ ಸದ್ದು. ಮುಖ ತೊಳೆದುಕೊಂಡು ಕೂತಿದ್ದಾಳೆ ಎಂದುಕೊಂಡು ಸರಿ ಗುರುತು ಹಾಕುತ್ತಿದ್ದೆ. ಒಂದು ವಾರ ಶ್ರೇಢಿ, ಮುಂದಿನ ವಾರ ನಕ್ಷೆ, ಆಮೇಲೆ ಥೇಲ್ಸ್ ಪ್ರಮೇಯ. ನಾನು ಕೊಟ್ಟ ಪಟ್ಟಿಯ ಕ್ರಮದಲ್ಲೇ, ಒಂದೂ ಬಿಡದೆ. ಇಷ್ಟು ಶಿಸ್ತು ಆ ಹುಡುಗಿಯಲ್ಲಿದೆಯೆಂದು ನನಗೆ ಆಶ್ಚರ್ಯವಾಯಿತು. ಆಶ್ಚರ್ಯ ಆಗುವುದಕ್ಕಿಂತ ಅನುಮಾನ ಬರಬೇಕಿತ್ತು. ಆದರೆ ಗುರುತುಗಳು ಒಂದರ ಕೆಳಗೊಂದು ನೇರವಾಗಿ ಇಳಿದು ಬರುತ್ತಿದ್ದವು. ನೇರ ಸಾಲು ಕಂಡರೆ ನನಗೆ ಬೇರೇನೂ ಕಾಣುವುದಿಲ್ಲ.

ತರಗತಿಯಲ್ಲಿ ಮಾತ್ರ ಅವಳು ಅದೇ ಅವಳು. ಬೋರ್ಡಿಗೆ ಕರೆದರೆ "ಕಾಲು ನೋವು ಮಿಸ್" ಎಂದು ಕುಂಟುತ್ತಾ ಬಂದು, ಸೀಮೆಸುಣ್ಣ ಮುರಿದು, ಕುಂಟದೆ ವಾಪಸು ಹೋಗುತ್ತಿದ್ದಳು. ಮನೆಯಲ್ಲಿ ಓದುವವಳು ಶಾಲೆಯಲ್ಲಿ ಗೆಳತಿಯರ ಮುಂದೆ ನಾಟಕವಾಡುತ್ತಾಳೆ ಎಂದು ನಾನೇ ಒಂದು ಮನಶ್ಶಾಸ್ತ್ರ ಕಟ್ಟಿಕೊಂಡೆ. ಬಿ.ಇಡಿ.ಯಲ್ಲಿ ಓದಿದ್ದು ಹೀಗೆ ಉಪಯೋಗಕ್ಕೆ ಬಂತು.

ಜನವರಿ ಆರರಂದು ನಾನು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ದತ್ತು ಮಕ್ಕಳಿಗೆ ಸಂಜೆ ನಾಲ್ಕೂವರೆಯಿಂದ ಒಂದು ಗಂಟೆ ವಿಶೇಷ ತರಗತಿ ಇತ್ತು. ಇಬ್ಬರು ಹುಡುಗರು ಬೀದಿ ನಾಯಿಮರಿಯನ್ನು ಒಳಗೆ ತಂದು ಅದಕ್ಕೂ ಹಾಜರಿ ಕೂಗಿ ಎಂದು ಹಟ ಹಿಡಿದ ದಿನ ಅದು. ಇವಳು ನಾಯಿಮರಿಯ ದನಿಯಲ್ಲಿ "ಪ್ರೆಸೆಂಟ್" ಎಂದಳು. ಇವಳೊಬ್ಬಳು ಇಲ್ಲದಿದ್ದರೆ ಉಳಿದ ಐವರನ್ನು ಹೇಗೋ ಕೂರಿಸಬಹುದು ಎನ್ನಿಸಿತು. ರಿಜಿಸ್ಟರ್ ತೆಗೆದು ನೋಡಿದೆ. ಇಪ್ಪತ್ತೆರಡು ದಿನ, ಇಪ್ಪತ್ತೆರಡು ಗುರುತು.

"ನೀನು ಮನೇಲಿ ಚೆನ್ನಾಗಿ ಓದ್ತಿದೀಯ. ನಾಳೆಯಿಂದ ವಿಶೇಷ ತರಗತಿಗೆ ಬರೋದು ಬೇಡ" ಎಂದೆ.

ಅವಳು ನನ್ನನ್ನು ಒಂದು ಕ್ಷಣ ನೋಡಿದಳು. "ನಾನಾ ಮಿಸ್?"

"ಹೌದು, ನೀನೇ."

"ಥ್ಯಾಂಕ್ಯೂ ಮಿಸ್" ಎಂದು ಚೀಲ ಎತ್ತಿಕೊಂಡು ಓಡಿದಳು. ಗೇಟು ದಾಟುವವರೆಗೂ ತಿರುಗಿ ನೋಡಲಿಲ್ಲ, ನಾನು ಮಾತು ಬದಲಿಸಿಬಿಡುತ್ತೇನೆಂಬ ಭಯ ಇದ್ದಿರಬೇಕು.

ತಿಂಗಳ ಮೀಟಿಂಗಿನಲ್ಲಿ ಎಚ್.ಎಂ. ನನ್ನ ರಿಜಿಸ್ಟರನ್ನು ಎತ್ತಿ ಹಿಡಿದು ತೋರಿಸಿದರು. ಬೇರೆಯವರದ್ದರಲ್ಲಿ ಚಹಾದ ಕಲೆ, ನನ್ನದರಲ್ಲಿ ಕೆಂಪು ಮತ್ತು ನೀಲಿ ಇಂಕು. ಕನ್ನಡ ಮೇಡಂ ಪಕ್ಕದಲ್ಲಿ ಗೊಣಗಿದರು, "ಹೊಸದ್ರಲ್ಲಿ ಹಿಂಗೇ ಕಣಮ್ಮ. ನಾನು ಫೋನೇ ಮಾಡಲ್ಲ, ಹಿಂದಿನ್ ದಿನಾನೇ ಬರ್ದಿಟ್ಟು ಮಲ್ಕೋತೀನಿ." ಅವರ ಮೇಲೆ ನನಗೆ ಹೇಸಿಗೆಯಾಯಿತು. ಇಬ್ಬರ ರಿಜಿಸ್ಟರಿನಲ್ಲೂ ಇದ್ದ ಸತ್ಯ ಹೆಚ್ಚುಕಡಿಮೆ ಒಂದೇ ಅಳತೆಯದು ಎಂದು ಆಗ ಗೊತ್ತಿರಲಿಲ್ಲ. ವ್ಯತ್ಯಾಸವೆಂದರೆ ಅವರು ನಿದ್ದೆ ಮಾಡಿರುತ್ತಿದ್ದರು.

ಫೆಬ್ರವರಿ ಹತ್ತರಂದು ಪೂರ್ವಸಿದ್ಧತಾ ಪರೀಕ್ಷೆಯ ಗಣಿತದ ಉತ್ತರಪತ್ರಿಕೆಗಳನ್ನು ತಿದ್ದಿದೆ. ಎಂಬತ್ತಕ್ಕೆ ಇಪ್ಪತ್ತೆಂಟು ಬಂದರೆ ಪಾಸು. ಫೋನ್ ಸ್ವಿಚ್ ಆಫ್ ಮಾಡಿ ಮಲಗುತ್ತಿದ್ದವನಿಗೆ ಮೂವತ್ತಮೂರು ಬಂದಿತ್ತು. ಕಟ್ ಮಾಡುತ್ತಿದ್ದವನಿಗೆ ಇಪ್ಪತ್ತೊಂಬತ್ತು. ಐವತ್ತೇಳು ದಿನದಲ್ಲಿ ಐವತ್ತೇಳು ದಿನವೂ ಎರಡನೇ ರಿಂಗಿಗೆ ಫೋನ್ ಎತ್ತಿದವಳಿಗೆ ಆರು. ಆ ಆರರಲ್ಲೂ ಮೂರು, ಬಹು ಆಯ್ಕೆಯ ಪ್ರಶ್ನೆಗಳಿಗೆ ಎಲ್ಲದಕ್ಕೂ 'ಸಿ' ಎಂದು ಬರೆದದ್ದರಿಂದ ಬಂದದ್ದು.

ಮರುದಿನ ಅವಳನ್ನು ಎಬ್ಬಿಸಿ ಕೇಳಿದೆ. "ದಿನಾ ಐದು ಗಂಟೆಗೆ ಏನು ಓದ್ತಿದ್ದೆ?"

"ಐದು ಗಂಟೆಗಾ? ಮಲಗಿರ್ತೀನಿ ಮಿಸ್."

"ನಾನು ಫೋನ್ ಮಾಡಿದಾಗ ಎತ್ತಿ ಮಾತಾಡ್ತಿದ್ದೆಯಲ್ಲ?"

"ಯಾವ ಫೋನ್ ಮಿಸ್?"

ಅವಳ ಮುಖ ನೋಡಿದರೆ ಸುಳ್ಳು ಹೇಳುತ್ತಿಲ್ಲ ಎಂದು ಗೊತ್ತಾಗುತ್ತಿತ್ತು. ಸುಳ್ಳು ಹೇಳುವಾಗ ಅವಳು ಬಹಳ ಗಂಭೀರವಾಗಿರುತ್ತಿದ್ದಳು. ಈಗ ಬಾಯಿ ತೆರೆದು ನಿಂತಿದ್ದಳು. ಹುಡುಗರ ಸಾಲಿನಿಂದ ಒಬ್ಬ, "ಮಿಸ್ ರಾಂಗ್ ನಂಬರಿಗೆ ಎರಡು ತಿಂಗಳು ಪಾಠ ಮಾಡವ್ರೆ ಗುರು!" ಎಂದ. ಆ ದಿನದ ಅಡ್ಡಿಗಳನ್ನು ನಾನು ಎಣಿಸಿಲ್ಲ. ಇಡೀ ವರ್ಷದಲ್ಲಿ ಖಾಲಿ ಬಿಟ್ಟ ಪುಟ ಅದೊಂದೇ.

ಸಂಜೆ ಅವಳ ಮನೆಗೆ ಹೋದೆ. ಒಂದೇ ಸಾಲಿನಲ್ಲಿ ಎಂಟು ಶೀಟಿನ ಮನೆಗಳ ವಠಾರ, ಮಧ್ಯೆ ಒಂದು ನಲ್ಲಿ. ಹುಡುಗಿ ಹೊರಗೆಲ್ಲೋ ಹೋಗಿದ್ದಳು. ತಾಯಿ ಆಗಷ್ಟೇ ಗಾರ್ಮೆಂಟ್ಸಿನಿಂದ ಬಂದು ಒಲೆಯ ಮುಂದೆ ನಿಂತಿದ್ದರು. ನನ್ನನ್ನು ಕಂಡು ಕೈ ಒರೆಸಿಕೊಂಡರು.

"ಬನ್ನಿ ಮೇಡಂ, ಕೂತ್ಕಳಿ."

ಆ ಮೂರು ಪದ ಸಾಕಾಯಿತು. ಐವತ್ತೇಳು ದಿನ ಕೇಳಿದ ದನಿ ಅದೇ. ಮಗಳಿಗೆ ದನಿಯ ವಿದ್ಯೆ ಎಲ್ಲಿಂದ ಬಂತೆಂದು ಹುಡುಕಬೇಕಾಗಿರಲಿಲ್ಲ.

"ಫೋನ್ ಎತ್ತುತ್ತಿದ್ದದ್ದು ನೀವಾ?"

ಅವರು ತಲೆ ತಗ್ಗಿಸಲೂ ಇಲ್ಲ. "ಊಂ ಮೇಡಂ. ನಲ್ಲಿ ನೀರು ಬರೋದು ನಾಕೂವರೆಗೆ. ನಾನು ಎಂಗೂ ಎದ್ದಿರ್ತೀನಿ."

"ಅವಳನ್ನ ಯಾಕೆ ಎಬ್ಬಿಸಲಿಲ್ಲ?"

"ಎಬ್ಬಿಸಿದ್ರೆ ದಿನವೆಲ್ಲ ಜಗಳ ಮೇಡಂ. ತಟ್ಟೆ ಎಸೀತಾಳೆ. ಅಕ್ಕಪಕ್ಕದೋರು ಎದ್ದು ಬತ್ತಾರೆ. ನೀವೇ ಒಂದಿನ ಎಬ್ಬಿಸಿ ನೋಡಿ ಬೇಕಾದ್ರೆ."

"ಹಾಗಾದ್ರೆ ಮಲಗಿದ್ದಾಳೆ ಅಂತ ಹೇಳಬಹುದಿತ್ತಲ್ಲ?"

ಅವರು ಸ್ವಲ್ಪ ಸಂಕೋಚದಿಂದ ನಕ್ಕರು. "ನಿಮಗೆ ಬೇಜಾರಾಯ್ತದಲ್ಲ ಮೇಡಂ. ಪಾಪ, ಅಷ್ಟೊತ್ತಿಗೆ ಎದ್ದು ಫೋನ್ ಮಾಡ್ತೀರ. ಮೊದಲ್ನೇ ದಿನ ನಿಮ್ಮ ದನಿ ಕೇಳಿ, ಈ ಮಗು ಕೆಲ್ಸ ಓಗ್ಬಾರ್ದು ಅನ್ನಿಸ್ತು. ಅದುಕ್ಕೇ ಓದ್ತಾ ಇದೀನಿ ಅಂದೆ."

ಒಲೆಯ ಮೇಲೆ, ಗೋಡೆಯಲ್ಲಿ, ನನ್ನ ಪಟ್ಟಿ ಅಂಟಿಸಿತ್ತು. ಒಗ್ಗರಣೆಯ ಎಣ್ಣೆ ಸಿಡಿದು ಹಳದಿಯಾಗಿತ್ತು. ನಾನು ಯಾವ ಪಾಠ ಎಂದು ಕೇಳಿದಾಗ ಅವರು ತಲೆಯೆತ್ತಿ ಅದನ್ನು ಓದಿ ಹೇಳುತ್ತಿದ್ದರು. ವಾರಕ್ಕೊಂದು ಸಾಲು ಕೆಳಗಿಳಿಯಬೇಕೆಂಬುದನ್ನೂ ತಾವೇ ಲೆಕ್ಕ ಹಾಕಿಕೊಂಡಿದ್ದರು. ಐವತ್ತೇಳು ದಿನದಲ್ಲಿ ಒಂದು ದಿನ, ಒಂದೇ ಒಂದು ದಿನ, ಆ ಪಾಠದಿಂದ ಒಂದು ಪ್ರಶ್ನೆ ಕೇಳಿದ್ದರೆ ಗುಟ್ಟು ಬಯಲಾಗುತ್ತಿತ್ತು. ನಾನು ಕೇಳಿರಲಿಲ್ಲ. ಫೋಟೊ ಕಳಿಸುವ ಅವಸರ ನನಗೆ.

ಅವರು ಕೊಟ್ಟ ಕಾಫಿ ಕುಡಿದು ಬಂದೆ. ಶಾಲೆಯಲ್ಲಿ ನನ್ನನ್ನು ಹೀಯಾಳಿಸಿದವರು ಇಡೀ ತರಗತಿಯ ನಲವತ್ತಮೂರು ಮಂದಿ. ಅವರ ಹೀಯಾಳಿಕೆಯನ್ನು ಗೀಟು ಹಾಕಿ ಎಣಿಸಬಹುದಿತ್ತು. ಈ ಹೆಂಗಸಿನ 'ಪಾಪ'ಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ ಕಾಲಂ ಇರಲಿಲ್ಲ.

ಮರುದಿನ ಎಚ್.ಎಂ.ಗೆ ಎಲ್ಲ ಹೇಳಿ, ರಿಜಿಸ್ಟರ್ ತಿದ್ದಬೇಕು ಎಂದೆ. ಅವರು ಕೆಮ್ಮಿದರು. "ತಿದ್ದೋದೇನು ಮೇಡಂ? ಫೋಟೊ ಮೇಲಿನ ಆಫೀಸಿಗೆ ಹೋಗಿ, ಅವರು ಮಾದರಿ ಅಂತ ಬೇರೆ ಸ್ಕೂಲಿಗೆಲ್ಲ ಕಳ್ಸಿದಾರೆ. ಈಗ ತಿದ್ದಿದ್ರೆ ಅವರ ಮರ್ಯಾದೆ ಏನಾಗ್ಬೇಕು?" ಮಗುವಿನ ಆರು ಅಂಕದ ಬಗ್ಗೆ ಅವರು ಒಂದು ಮಾತೂ ಕೇಳಲಿಲ್ಲ. ನಾನು ರಿಜಿಸ್ಟರಿನ ಅಂಚಿನಲ್ಲಿ ಕೆಂಪು ಇಂಕಿನಲ್ಲಿ ಹೊಸ ಕಾಲಂ ಎಳೆದೆ: 'ಫೋನ್ ಎತ್ತಿದವರು'. ಐವತ್ತೇಳು ಸಾಲಿನಲ್ಲೂ 'ತಾಯಿ' ಎಂದು ಬರೆದೆ. ಏಪ್ರಿಲ್‌ನಲ್ಲಿ ಕಡತ ಮುಚ್ಚುವಾಗ ಎಚ್.ಎಂ. ಅದರ ಕೆಳಗೆ ಹಸಿರು ಇಂಕಿನಲ್ಲಿ ಸಹಿ ಹಾಕಿದರು. ಮೇಲಿನವರು 'ಪರಿಶೀಲಿಸಲಾಗಿದೆ' ಎಂದು ಮೊಹರು ಒತ್ತಿದರು. ಇಬ್ಬರೂ ಓದಲಿಲ್ಲ.

ಹುಡುಗಿಯನ್ನು ವಿಶೇಷ ತರಗತಿಗೆ ಮತ್ತೆ ಎಳೆದು ತಂದೆ. ಮೂವತ್ತೊಂದು ದಿನದಲ್ಲಿ ಹತ್ತೊಂಬತ್ತು ದಿನ ಬಂದಳು, ಅದರಲ್ಲಿ ಆರು ದಿನ ಮಧ್ಯದಲ್ಲೇ ಎದ್ದುಹೋದಳು. "ನಮ್ಮಮ್ಮಂಗೇ ಹೇಳ್ಕೊಡಿ ಮಿಸ್, ಅವರಿಗೆ ಪಟ್ಟಿ ಬಾಯಿಪಾಠ ಆಗೋಗಿದೆ. ಅವರೇ ಬಂದು ಎಕ್ಸಾಮ್ ಬರೀಲಿ" ಎನ್ನುತ್ತಿದ್ದಳು. ಮಾರ್ಚ್ ಕೊನೆಯಲ್ಲಿ ಪರೀಕ್ಷೆ ನಡೆಯಿತು. ಮೇ ಮೊದಲ ವಾರ ಫಲಿತಾಂಶ ಬಂತು. ನನ್ನ ಆರರಲ್ಲಿ ನಾಲ್ಕು ಪಾಸು. ಇವಳು ಗಣಿತವೊಂದರಲ್ಲಿ ಮಾತ್ರ ಫೇಲು, ಎಂಬತ್ತಕ್ಕೆ ಇಪ್ಪತ್ತನಾಲ್ಕು. ಇನ್ನೊಬ್ಬ ಹುಡುಗ ಎಲ್ಲದರಲ್ಲೂ ಫೇಲಾಗಿ ಆಗಲೇ ಲೇತಿಗೆ ಸೇರಿದ್ದ.

ಎಚ್.ಎಂ. ಫೋನಿನಲ್ಲಿ ಹೇಳಿದರು, "ನಾಲ್ಕಾಯ್ತಲ್ಲ ಮೇಡಂ. ಎರಡನೇ ಪರೀಕ್ಷೆಯಲ್ಲಿ ಒಂದು ಬಂದ್ರೆ ನೋಡೋಣ."

ಅಂದರೆ ನನ್ನ ಜೂನ್ ಈಗ ಆ ಹುಡುಗಿಯ ಕೈಯಲ್ಲಿತ್ತು. ಫೇಲಾದವರಿಗೆ ಅದೇ ವರ್ಷ ನಡೆಸುವ ಎರಡನೇ ಪರೀಕ್ಷೆಗೆ ಹದಿನೆಂಟು ದಿನ. ಬೇಸಿಗೆ ರಜೆ, ಯಾವ ಆದೇಶವೂ ಇಲ್ಲ, ಕಳಿಸಲು ಫೋಟೊ ಇಲ್ಲ. ಆದರೂ ಐದು ಗಂಟೆಗೆ ಫೋನ್ ಮಾಡಿದೆ. ಇದನ್ನು ಕಾಳಜಿ ಎಂದು ಯಾರೂ ತಿಳಿಯಬೇಕಾಗಿಲ್ಲ. ನನಗೆ ಕೆಲಸ ಬೇಕಿತ್ತು.

"ಅವಳನ್ನ ಎಬ್ಬಿಸಿ. ಫೋನ್ ಕಿವಿಗಿಡಿ" ಎಂದೆ.

"ಎಬ್ಬಿಸ್ಲಾ ಮೇಡಂ?"

"ಎಬ್ಬಿಸಿ."

ಆಮೇಲೆ ನಾಲ್ಕು ನಿಮಿಷ ನಾನು ಕೇಳಿದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ. ಪಾತ್ರೆ ಬಿದ್ದ ಸದ್ದು ಎರಡು ಸಲ. ನನ್ನ ವಂಶದ ಪ್ರಸ್ತಾಪ ಒಂದು ಸಲ. ಕೊನೆಗೆ ಫೋನಿನಲ್ಲಿ ಕಲ್ಲು ತಿಕ್ಕಿದಂಥ ದನಿ, "ಏನ್ ಮಿಸ್."

"ದೂರ ಸೂತ್ರ ಹೇಳು."

"ಮಿಸ್, ನಿಮ್ಗೆ ಬೇರೆ ಕೆಲ್ಸ ಇಲ್ವಾ?"

"ಇಲ್ಲ. ನೀನು ಪಾಸಾದ್ರೆ ಇರುತ್ತೆ."

ಆ ಕಡೆ ನೀರು ಬೀಳುತ್ತಿತ್ತು.

"ಅಂದ್ರೆ ನಾನು ಫೇಲಾದ್ರೆ ನಿಮ್ಮನ್ನ ಸ್ಕೂಲಿಂದ ತೆಗೀತಾರಾ?"

"ಹೌದು."

"ನನ್ನಿಂದಾನಾ?"

"ನಿನ್ನಿಂದಾನೇ."

"ಸಕ್ಕತ್ತಾಗಿದೆ" ಎಂದು ಫೋನ್ ಇಟ್ಟಳು.

ಎಲ್ಲ ಹಾಳಾಯಿತು ಎಂದುಕೊಂಡೆ. ಮರುದಿನ ಎರಡನೇ ರಿಂಗಿಗೆ ಅವಳೇ ಎತ್ತಿದಳು. ತಾಯಿಯೇ ಇರಬಹುದೆಂದು ಅನುಮಾನಿಸಿ, "ನಿಮ್ಮಮ್ಮನ ಕೈಲಿ ಮಾತಾಡಿಸು" ಎಂದೆ. "ಅಮ್ಮಾ, ಮಿಸ್ಸಿಗೆ ಡೌಟಂತೆ" ಎಂದು ಕೂಗಿದಳು. ದೂರದಿಂದ ತಾಯಿ, "ಇವಳೇ ಮೇಡಂ, ನಾನು ನೀರಿಡೀತಾ ಇವ್ನಿ" ಎಂದರು. ಎರಡು ದನಿ ಬೇರೆ ಬೇರೆ ಕೇಳಿಸಿದ ಮೇಲೆ ಪ್ರಶ್ನೆ ಕೇಳಿದೆ. ತಪ್ಪು ಉತ್ತರ ಹೇಳಿದಳು. ತಿದ್ದಿದೆ. ಹೀಗೆ ಉಳಿದ ದಿನಗಳಲ್ಲಿ ದಿನಕ್ಕೆ ಮೂರು ಪ್ರಶ್ನೆ. ಮೊದಲ ವಾರ ಹೆಚ್ಚಿನವು ತಪ್ಪು, ಎರಡನೇ ವಾರ ಅರ್ಧಕ್ಕರ್ಧ. ಪ್ರತಿ ಸಲ ಫೋನ್ ಇಡುವ ಮುಂಚೆ ಕೇಳುತ್ತಿದ್ದಳು, "ಇವತ್ತು ಹೆಂಗೆ ಮಿಸ್, ನಿಮ್ ಕೆಲ್ಸ ಉಳಿಯುತ್ತಾ?" ವರ್ಷವಿಡೀ ಪಾಠದಲ್ಲಿ ಇಲ್ಲದ ಆಸಕ್ತಿ ಅವಳಿಗೆ ಆ ಒಂದು ವಿಷಯದಲ್ಲಿ ಹುಟ್ಟಿತ್ತು. ನನ್ನ ಸ್ಥಿತಿ ನನಗೇ ಹೇಸಿಗೆ ಹುಟ್ಟಿಸಿತು. ಆದರೂ ಉತ್ತರ ಕೊಡುತ್ತಿದ್ದೆ. "ಇನ್ನೂ ಇಲ್ಲ. ನಕ್ಷೆ ಸರಿಯಾಗಿ ಬರಬೇಕು."

ಎರಡನೇ ಪರೀಕ್ಷೆಯಲ್ಲಿ ಅವಳಿಗೆ ಮೂವತ್ತೊಂದು ಬಂತು. ನನ್ನ ಆರರಲ್ಲಿ ಐದಾಯಿತು. ಜೂನಿನಲ್ಲಿ ಎಚ್.ಎಂ. ಅದೇ ಹಸಿರು ಇಂಕಿನಲ್ಲಿ ನನ್ನ ಆದೇಶಕ್ಕೆ ಸಹಿ ಹಾಕಿ, "ನಿಮ್ಮ ರಿಜಿಸ್ಟರಿನ ಫಲ ನೋಡಿ ಮೇಡಂ" ಎಂದರು. ನಾನು ತಿದ್ದಲು ಹೋಗಲಿಲ್ಲ.

ಅವಳು ಅಂಕಪಟ್ಟಿ ತೆಗೆದುಕೊಳ್ಳಲು ಬಂದಾಗ ನಾನು ಆಫೀಸಿನಲ್ಲಿ ಕೂತು ಹೊಸ ಹತ್ತನೇ ಬಿ ಯ ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುತ್ತಿದ್ದೆ. ಸಹಿ ಹಾಕಿ, ಅಂಕಪಟ್ಟಿಯನ್ನು ಮಡಚಿ, ಮಡಚಬಾರದು ಎಂದು ನಾನು ಹೇಳುವ ಮುಂಚೆಯೇ ಎರಡನೇ ಸಲವೂ ಮಡಚಿ ಚೀಲಕ್ಕೆ ತುರುಕಿದಳು. ಕಿಟಕಿಯಾಚೆ ಯಾರೋ ಬೆಂಚು ಬಡಿಯಲು ಶುರುಮಾಡಿದ್ದರು. ಅವಳು ಕಿವಿಗೊಟ್ಟು ಕೇಳಿ, ಇವರಿಗೆ ಬಡಿಯಲೂ ಬರುವುದಿಲ್ಲ ಎಂಬಂತೆ ತುಟಿ ಓರೆ ಮಾಡಿದಳು.

"ಮಿಸ್, ಈ ವರ್ಷಾನೂ ಗೆಸ್ಟಾ?"

"ಹೌದು."

ಅಗಿಯುವುದನ್ನು ನಿಲ್ಲಿಸಿ ಅವಳು ನನ್ನನ್ನೂ ಗೆರೆ ಎಳೆದ ಪುಸ್ತಕವನ್ನೂ ನೋಡಿದಳು.

"ಪಾಪ" ಎಂದಳು. ಅದು ಯಾರ ಅನುಕರಣೆಯೂ ಆಗಿರಲಿಲ್ಲ, ಅವಳದೇ ದನಿ.